ವಿಮಾನ ಬಲ್ಲ ಕೈಗೆ ಹೆಲಿಕಾಪ್ಟರ್

ಮಳವಳ್ಳಿ ತಾಲ್ಲೂಕಿನ ನಮ್ಮ ಕಿರುಗಾವಲಿನ ಸುತ್ತಿನ ಯಾವುದಾದರೂ ಕೆರೆಯ ಏರಿ ಮೇಲೆ ಬೆಳಗಿನ ಹೊತ್ತು ಅರ್ಧ ಗಂಟೆ ಕೂತರೆ ಸಾಕು, ಹಾರಾಟದ ಎರಡು ಬಗೆಯೂ ಕಣ್ಣಿಗೆ ಬೀಳುತ್ತವೆ. ಮೇಲೆ ಗರುಡ. ರೆಕ್ಕೆ ಬಡಿಯುವುದೇ ಇಲ್ಲ, ಗಾಳಿಗೆ ಒರಗಿಕೊಂಡಂತೆ ಸುತ್ತು ಹಾಕುತ್ತಿರುತ್ತದೆ. ಕೆಳಗೆ ನೀರಿನಿಂದ ಮೂರ್ನಾಲ್ಕು ಆಳೆತ್ತರದಲ್ಲಿ ಕಪ್ಪು ಬಿಳಿ ಮಿಂಚುಳ್ಳಿ. ನಿಂತಲ್ಲೇ ನಿಂತು ಪಟಪಟನೆ ರೆಕ್ಕೆ ಬಡಿಯುತ್ತದೆ. ಮೈಯೆಲ್ಲ ನಡುಗಿದರೂ ತಲೆ ಮಾತ್ರ ಮೊಳೆ ಹೊಡೆದಂತೆ ಅಲುಗದು. ಗರುಡನದು ಹೋಗುತ್ತ ಇರುವ ಹಾರಾಟ, ಮಿಂಚುಳ್ಳಿಯದು ನಿಲ್ಲುವ ಹಾರಾಟ. ರೇಡಿಯೊ ಹಿಡಿದು ಮಾದರಿ ವಿಮಾನ ಹಾರಿಸುತ್ತಿದ್ದವರು ಹೆಲಿಕಾಪ್ಟರಿಗೆ ಕೈ ಹಾಕುವುದೆಂದರೆ ಗರುಡನ ಪಾಠ ಮುಗಿಸಿ ಮಿಂಚುಳ್ಳಿಯ ಹತ್ತಿರ ಒಂದನೇ ತರಗತಿಗೆ ಸೇರಿದಂತೆ. ಹಳೆಯ ಪಾಠ ಎಷ್ಟು ನೆರವಿಗೆ ಬರುತ್ತದೆ, ಎಷ್ಟು ಅಡ್ಡ ಬರುತ್ತದೆ ಎಂಬ ಪ್ರಶ್ನೆಯನ್ನು ಹಲವು ವರ್ಷಗಳಿಂದ ಕೈಯಲ್ಲೇ ಹಿಡಿದುಕೊಂಡು ತಿರುಗಿದ್ದೇನೆ.

ಕನ್ನಡ ನಾಡಿಗೆ ಹೆಲಿಕಾಪ್ಟರ್ ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅಲ್ಲಿ 1960ರ ದಶಕದಿಂದ ಫ್ರೆಂಚ್ ಲೈಸೆನ್ಸಿನ ಮೇಲೆ ಚೇತಕ್ ತಯಾರಾಯಿತು. 1992ರ ಆಗಸ್ಟ್ 20ರಂದು ಧ್ರುವ ಮೊದಲ ಸಲ ಮೇಲೆದ್ದಿತು. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರಿಗೆಂದೇ ಬೇರೊಂದು ಕಾರ್ಖಾನೆ ಉದ್ಘಾಟನೆಯಾಯಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ವಾಯುಯಾನ ಕಂಪನಿ ಶುರು ಮಾಡಿದ್ದೂ ಬಾಡಿಗೆ ಹೆಲಿಕಾಪ್ಟರಿನಿಂದಲೇ. ಇಷ್ಟಾದರೂ ನಮ್ಮ ಹಳ್ಳಿಗಳಿಗೆ ಹೆಲಿಕಾಪ್ಟರ್ ಬರುವುದು ಎಲೆಕ್ಷನ್ ಹೊತ್ತಿಗೆ. ಶಾಲೆ ಮೈದಾನದಲ್ಲಿ ಸುಣ್ಣದ ವೃತ್ತ ಎಳೆದು ನಡುವೆ ಒಂದಕ್ಷರ ಬರೆಯುತ್ತಾರೆ, ಭಾಷಣಕ್ಕಿಂತ ಹೆಚ್ಚು ಜನ ಅದರ ಧೂಳಿಗೆ ಸೇರುತ್ತಾರೆ. ಆ ಧೂಳಿನಲ್ಲಿ ಕಣ್ಣುಜ್ಜಿಕೊಂಡು ನಿಂತ ಹುಡುಗರಲ್ಲಿ ನಾನೂ ಒಬ್ಬ.

ಮಾದರಿ ವಿಮಾನದ ಹವ್ಯಾಸ ಬಂದ ದಾರಿ ಬೇರೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಬಹುಕಾಲದಿಂದ ಪಾಠದ ಭಾಗ; ಅಖಿಲ ಭಾರತ ವಾಯುಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೇ ಇದೆ. ಆಮೇಲೆ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಬಂದರು. ಬಾಲ್ಸಾ ಮರದ ಜಾಗಕ್ಕೆ ಥರ್ಮಾಕೋಲ್ ಬಂತು, ಎಣ್ಣೆ ಉಗುಳುವ ಎಂಜಿನ್ನಿನ ಜಾಗಕ್ಕೆ ಮೋಟಾರು, ಲಿಪೊ ಬ್ಯಾಟರಿ ಬಂದವು, ಹರಳು ಬದಲಿಸುವ ಹಳೆಯ ರೇಡಿಯೊ ಹೋಗಿ 2.4 ಗಿಗಾಹರ್ಟ್ಸ್ ಬಂತು. ಇನ್ನೊಬ್ಬರ ರೇಡಿಯೊ ನಮ್ಮ ಅಲೆಗೆ ಅಡ್ಡ ಬಂದು ವಿಮಾನ ಬೀಳುವ ಭಯ ಅಲ್ಲಿಗೆ ಮುಗಿಯಿತು. ಭಾಗಗಳು ಕೊರಿಯರ್‌ನಲ್ಲಿ ಮನೆ ಬಾಗಿಲಿಗೇ ಬರತೊಡಗಿದ ಮೇಲೆ ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಯಲ್ಲಿ ಕೂತೇ ವಿಮಾನ ಕಟ್ಟಿ ಹಾರಿಸುವುದು ಸಾಧ್ಯವಾಯಿತು.

ವಿಮಾನ ಕಲಿಯುವುದು ಸುಲಭ ಎನ್ನಲಾರೆ. ಆದರೆ ಕಲಿಕೆಯ ವಿಮಾನಕ್ಕೆ ಒಂದು ದೊಡ್ಡ ಗುಣವಿದೆ. ರೆಕ್ಕೆ ಮೇಲ್ಗಡೆ ಇರುತ್ತದೆ, ಎರಡು ತುದಿಯೂ ಸ್ವಲ್ಪ ಮೇಲಕ್ಕೆ ಬಾಗಿರುತ್ತವೆ, ಬಾಲ ಉದ್ದವಾಗಿರುತ್ತದೆ. ಹೀಗಿರುವುದರಿಂದ ಒಂದು ಪಕ್ಕಕ್ಕೆ ವಾಲಿದರೂ ತಾನಾಗಿ ನೆಟ್ಟಗಾಗುತ್ತದೆ. ಪಳಗಿದ ಜೋಡೆತ್ತು ಗಾಡಿಯವನು ತೂಕಡಿಸಿದರೂ ಮನೆ ಸೇರಿಸುವ ಹಾಗೆ. ಆದ್ದರಿಂದ ವಿಮಾನದವನು ಕಲಿಯುವ ಮೊದಲ ಒಳ್ಳೆಯ ಅಭ್ಯಾಸ ಕೈ ಸಡಿಲ ಬಿಡುವುದು. ಗಾಬರಿಯಾಯಿತೇ, ಎತ್ತರವಿದೆಯೇ, ಸ್ಟಿಕ್ ಬಿಡು, ಅದೇ ಸರಿ ಮಾಡಿಕೊಳ್ಳುತ್ತದೆ. ನಾನು ಕಲಿಸಿದ ಹುಡುಗರಿಗೆಲ್ಲ ಇದನ್ನೇ ಹೇಳಿದ್ದೇನೆ.

ಹೆಲಿಕಾಪ್ಟರಿನ ಮುಂದೆ ಈ ಮಾತೇ ಶತ್ರು. ಅದಕ್ಕೆ ತಾನಾಗಿ ನೆಟ್ಟಗಾಗುವ ಗುಣವಿಲ್ಲ. ಹೋವರ್‌ನಲ್ಲಿ ಎಂದರೆ ನಿಂತಲ್ಲೇ ನಿಲ್ಲುವ ಹಾರಾಟದಲ್ಲಿ, ಒಂದು ಕಡೆಗೆ ಎಳ್ಳಷ್ಟು ವಾಲಿತೆನ್ನಿ, ಆ ಕಡೆಗೆ ಜಾರತೊಡಗುತ್ತದೆ. ನೀವು ತಡೆಯುವ ತನಕ ಜಾರುತ್ತಲೇ ಇರುತ್ತದೆ. ತಡೆಯಲು ಎದುರು ದಿಕ್ಕಿಗೆ ಒತ್ತಬೇಕು. ಒತ್ತಿದ್ದು ಕೆಲಸ ಮಾಡುವ ಮೊದಲೇ ಆ ಒತ್ತನ್ನು ತೆಗೆಯಬೇಕು, ಇಲ್ಲದಿದ್ದರೆ ಆ ಕಡೆಗೆ ಜಾರುತ್ತದೆ. ನಮ್ಮ ಮಂಡ್ಯ ಕಡೆಯ ಪೂಜಾ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವರ ಮುಖವಾಡ ಹೊತ್ತ ಬಿದಿರಿನ ಚೌಕಟ್ಟು ಕುಣಿಯುವವನ ತಲೆಯ ಮೇಲೆ ನಿಂತಿರುತ್ತದೆ, ಕೈ ಹಿಡಿದಿರುವುದಿಲ್ಲ. ದೂರದವರಿಗೆ ಅದು ಅಲುಗದೆ ನಿಂತಂತೆ ಕಾಣುತ್ತದೆ. ಹತ್ತಿರ ಹೋಗಿ ಅವನ ಕತ್ತನ್ನು ನೋಡಿ. ಒಂದು ಕ್ಷಣವೂ ಸುಮ್ಮನಿಲ್ಲ, ಗೋಧಿಕಾಳಿನಷ್ಟು ಇತ್ತ, ಗೋಧಿಕಾಳಿನಷ್ಟು ಅತ್ತ. ಹೋವರ್ ಮಾಡುವವನ ಹೆಬ್ಬೆರಳು ಆ ಕತ್ತು.

ನನ್ನ ಮೊದಲ ಹೆಲಿಕಾಪ್ಟರ್ 450 ಅಳತೆಯದು. ಒಂದೊಂದು ಬ್ಲೇಡು 325 ಮಿಲಿಮೀಟರ್, ರೋಟರ್ ಅಗಲ ಒಂದು ಗಜಕ್ಕೂ ಕಡಿಮೆ. ಹಾರಿಸುವ ಮೊದಲು ಒಂದು ವಾರ ಅದನ್ನು ಮನೆಯ ಮೇಜಿನ ಮೇಲೆ ಬಿಚ್ಚಿ ಜೋಡಿಸಿದೆ. ಎಲ್ಲರಿಗೂ ಅದನ್ನೇ ಹೇಳುತ್ತೇನೆ: ಮೊದಲು ಬಿಚ್ಚಿ ನೋಡಿ. ಕಂಬದ ನಡುವೆ ಕೂತಿರುವ ಸ್ವಾಷ್‌ಪ್ಲೇಟ್ ಅದರ ಗುಟ್ಟು. ಒಂದರ ಮೇಲೊಂದು ಕೂತ ಎರಡು ಬಿಲ್ಲೆ. ಕೆಳಗಿನದು ತಿರುಗುವುದಿಲ್ಲ, ಮೇಲಿನದು ರೋಟರಿನ ಜೊತೆ ತಿರುಗುತ್ತದೆ, ನಡುವೆ ಬೇರಿಂಗ್. ಮೂರು ಸರ್ವೊಗಳು, ಅಂದರೆ ತೋಳು ತಿರುಗಿಸುವ ಪುಟ್ಟ ಮೋಟಾರುಗಳು, 120 ಡಿಗ್ರಿಗೊಂದರಂತೆ ಕೆಳಗಿನ ಬಿಲ್ಲೆಯನ್ನು ಹಿಡಿದಿರುತ್ತವೆ. ಮೂರೂ ಒಟ್ಟಿಗೆ ಎತ್ತಿದರೆ ಎರಡೂ ಬ್ಲೇಡಿನ ಕೋನ ಸಮನಾಗಿ ಹೆಚ್ಚಿ ಯಂತ್ರ ಮೇಲೇಳುತ್ತದೆ. ಒಂದು ಪಕ್ಕ ಮಾತ್ರ ಎತ್ತಿದರೆ ಬ್ಲೇಡು ಸುತ್ತಿನ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೋನ ಹಿಡಿದು ಇಡೀ ರೋಟರ್ ವಾಲುತ್ತದೆ. ಅದೂ ನೇರವಾಗಿ ಅಲ್ಲ. ತಿರುಗುವ ಬುಗುರಿಯನ್ನು ಒಂದು ಪಕ್ಕದಲ್ಲಿ ತಳ್ಳಿದರೆ ಅದು ಇನ್ನೊಂದು ಪಕ್ಕಕ್ಕೆ ಬಾಗುವುದಿಲ್ಲವೇ? ಇಲ್ಲಿಯೂ ಒತ್ತಿದ ಫಲ ಕಾಲು ಸುತ್ತು ತಡವಾಗಿ ಕಾಣುತ್ತದೆ. ಆ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಡ್ಡಿಗಳನ್ನು ಜೋಡಿಸಿರುತ್ತಾರೆ. ಬುಗುರಿ ಆಡಿದ ಹುಡುಗನಿಗೆ ಇದು ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಈಗ ಕೈಯ ವಿಷಯ. ವಿಮಾನದವನ ಬಲ ಹೆಬ್ಬೆರಳು ಪಂಡಿತ, ಎಡ ಹೆಬ್ಬೆರಳು ಸೋಮಾರಿ. ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ಕ್ರಮದಲ್ಲಿ ಬಲ ಸ್ಟಿಕ್‌ನಲ್ಲಿ ವಾಲಿಸುವುದು, ಮೂತಿ ಎತ್ತುವುದು. ಎಡ ಸ್ಟಿಕ್‌ನಲ್ಲಿ ಥ್ರಾಟಲ್ ಮತ್ತು ರಡ್ಡರ್. ವಿಮಾನದಲ್ಲಿ ಥ್ರಾಟಲ್ ಒಮ್ಮೆ ಇಟ್ಟರೆ ನಿಮಿಷಗಟ್ಟಲೆ ಮುಟ್ಟುವ ಕೆಲಸವಿಲ್ಲ. ರಡ್ಡರ್ ನೆಲದ ಮೇಲೆ ಓಡಿಸುವಾಗ ಬಿಟ್ಟರೆ ನೆನಪಾಗುವುದು ಅಪರೂಪ. ಹೆಲಿಕಾಪ್ಟರಿನಲ್ಲಿ ಎಡಗೈಯೇ ಅರ್ಧ ಹಾರಾಟ. ಮೇಲೆ ಕೆಳಗೆ ಅದೇ, ಮೂತಿ ಯಾವ ಕಡೆ ಎಂಬುದೂ ಅದೇ. ಇನ್ನೊಂದು ಕೆಟ್ಟ ಅಭ್ಯಾಸವೂ ಅಲ್ಲೇ ಇದೆ. ಇಳಿಯುವಾಗ ಎಡವಟ್ಟಾದರೆ ವಿಮಾನದವನು ಥ್ರಾಟಲ್ ಪೂರ್ತಿ ಇಳಿಸುತ್ತಾನೆ, ಪ್ರೊಪೆಲ್ಲರ್ ಉಳಿಯಲಿ ಎಂದು. ಆಳೆತ್ತರದಲ್ಲಿರುವ ಹೆಲಿಕಾಪ್ಟರಿಗೆ ಹಾಗೆ ಮಾಡಿದರೆ ಬ್ಲೇಡಿನ ಕೋನ ಸತ್ತು ಕಲ್ಲಿನಂತೆ ಬಂದು ನೆಲಕ್ಕೆ ಅಪ್ಪಳಿಸುತ್ತದೆ. ಮೊದಲ ಮೂರು ಸಲ ಅದು ಬಿದ್ದದ್ದೂ ಹೀಗೆಯೇ. ಯಂತ್ರದ್ದೇನೂ ತಪ್ಪಿರಲಿಲ್ಲ. ಹತ್ತು ವರ್ಷ ಒಳ್ಳೆಯದೆಂದುಕೊಂಡು ರೂಢಿಸಿಕೊಂಡಿದ್ದ ಅಭ್ಯಾಸವೇ ಕೆಡವಿತು.

ಬಿದ್ದರೆ ವಿಮಾನ ಹರಿಯುತ್ತದೆ, ಹೆಲಿಕಾಪ್ಟರ್ ಒಡೆಯುತ್ತದೆ. ಥರ್ಮಾಕೋಲ್ ರೆಕ್ಕೆಗೆ ಅಂಟು, ಟೇಪು ಸಾಕು, ಸಂಜೆಗೆ ಮತ್ತೆ ಹಾರುತ್ತದೆ. ಇದಕ್ಕೆ ಹಾಗಲ್ಲ. ಜೋಡಿ ಬ್ಲೇಡು ಹೋಯಿತು, ಮುಖ್ಯ ಶಾಫ್ಟ್ ಕೂದಲೆಳೆಯಷ್ಟು ಬಾಗಿತು, ದೊಡ್ಡ ಗೇರಿನ ಹಲ್ಲು ಉದುರಿತು, ಟೇಲ್ ಬೂಮ್ ಮಡಚಿಕೊಂಡಿತು. ಬಾಗಿದ ಶಾಫ್ಟನ್ನು ಕಣ್ಣಿನಿಂದ ಕಾಣಲಾಗದು. ಗಾಜಿನ ಮೇಲೆ ಉರುಳಿಸಿ ಕೆಳಗೆ ಬೆಳಕು ತೂರುತ್ತದೆಯೇ ನೋಡಬೇಕು. ಮೊದಮೊದಲು ಆ ತಾಳ್ಮೆ ನನಗಿರಲಿಲ್ಲ. ನಡುಗುವ ಯಂತ್ರವನ್ನೇ ಮೇಲೇರಿಸಿ ಇನ್ನೊಂದು ಜೋಡಿ ಬ್ಲೇಡನ್ನೂ ಕಳೆದುಕೊಂಡೆ.

ನೆಲ ಕೂಡ ಬೇರೆಯೇ ಬೇಕು. ಸುಗ್ಗಿ ಮುಗಿದ ಗದ್ದೆ ವಿಮಾನಕ್ಕೆ ಹಾಸಿಗೆ. ಕೂಳೆಯ ಮೇಲೆ ಹೊಟ್ಟೆಯೂರಿ ಇಳಿಸಿದರೆ ಗೀರು ಕೂಡ ಬೀಳದು. ಹೆಲಿಕಾಪ್ಟರಿಗೆ ಅದೇ ಕೂಳೆ ಕೊಕ್ಕೆ. ಕಾಲು ಸಿಕ್ಕಿಕೊಂಡಿತೆಂದರೆ ಪಕ್ಕಕ್ಕೆ ಮಗುಚಿ ತನ್ನನ್ನೇ ಕುಟ್ಟಿಕೊಳ್ಳುತ್ತದೆ. ನಾನು ಗದ್ದೆ ಬಿಟ್ಟು ಕಣಕ್ಕೆ ಬಂದೆ. ಭತ್ತ, ರಾಗಿ ಬಡಿಯುವ ಕಣಕ್ಕಿಂತ ಒಳ್ಳೆಯ ಜಾಗ ಹೆಲಿಕಾಪ್ಟರಿಗೆ ಇಲ್ಲ: ಮಟ್ಟ, ಗಟ್ಟಿ, ಕಲ್ಲಿಲ್ಲ, ಸುತ್ತ ಬಯಲು. ಕಾಲುಗಳಿಗೆ ಅಡ್ಡಡ್ಡ ಎರಡು ಕಡ್ಡಿ ಕಟ್ಟಿ ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿದರೆ ಕಲಿಯುವವನ ಯಂತ್ರ ಮಗುಚುವುದಿಲ್ಲ. ಗೇಣೆತ್ತರದಲ್ಲೇ ಇಟ್ಟು ಕಲಿಯಬೇಕೆಂದು ಎಲ್ಲರಿಗೂ ಅನಿಸುತ್ತದೆ. ಅದು ತಪ್ಪು. ನೆಲಕ್ಕೆ ಬಡಿದ ಗಾಳಿ ಮೇಲೆ ಬಂದು ಯಂತ್ರವನ್ನು ಅಲ್ಲೇ ಹೊಯ್ದಾಡಿಸುತ್ತದೆ. ಸೊಂಟದೆತ್ತರಕ್ಕೆ ಏರಿದರೆ ಗಾಳಿ ತಿಳಿಯಾಗುತ್ತದೆ. ಕಣದ ಅಂಚಿನಲ್ಲಿ ಕೂತು ನೋಡುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ಕೇಳಿದರು: “ಏನ್ಲಾ ಮಗ, ಇಮಾನ ಅಷ್ಟ್ ಚೆಂದಾಗಿ ಓಡುಸ್ತಿದ್ದೆ, ಇದ್ಯಾಕ್ಲಾ ಕುಡ್ದೋನಂಗೆ ಆಡ್ತದೆ?” ಅದು ಕುಡಿದಿರಲಿಲ್ಲ, ನನ್ನ ಕೈ ಹೆಚ್ಚು ಮಾತಾಡುತ್ತಿತ್ತು.

ಹಾಗಾದರೆ ವಿಮಾನದ ಅಭ್ಯಾಸದಿಂದ ಲಾಭವೇ ಇಲ್ಲವೇ? ಇದೆ. ಅದು ಕೈಗಿಂತ ಕಣ್ಣಿನಲ್ಲಿದೆ. ಎದುರಿಗೆ ಬರುವ ವಿಮಾನದಲ್ಲಿ ಎಡ ಬಲ ಅದಲು ಬದಲಾಗುತ್ತದೆ. ಅದನ್ನು ಜೀರ್ಣಿಸಿಕೊಂಡ ಕಣ್ಣು ಹೆಲಿಕಾಪ್ಟರಿನ ಮೂತಿ ನಮ್ಮ ಕಡೆ ತಿರುಗಿದಾಗ ಹೊಸಬನಷ್ಟು ದಿಗಿಲಾಗುವುದಿಲ್ಲ. ದಿಗಿಲು ಕಡಿಮೆ ಅಷ್ಟೇ, ಕಲಿಕೆ ಉಳಿದೇ ಇದೆ. ವಿಮಾನ ಎದುರಿಗೆ ಬಂದು ಎರಡು ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. ಹೆಲಿಕಾಪ್ಟರ್ ಮೂತಿ ತೋರಿಸಿಕೊಂಡು ಮುಂದೆಯೇ ನಿಂತಿರುತ್ತದೆ. ಆದ್ದರಿಂದ ಪಾಠದ ಕ್ರಮ ಹೀಗೆ ಬೆಳೆದಿದೆ: ಮೊದಲು ಬಾಲ ನಮ್ಮ ಕಡೆ, ಬಳಿಕ ಪಕ್ಕ, ಆಮೇಲೆ ಮೂತಿ, ಕೊನೆಗೆ ಎಂಟರ ಆಕಾರದ ಸುತ್ತು. ಗಾಳಿಯ ಓದೂ ವಿಮಾನದ ವರವೇ. ಆಷಾಢದ ಗಾಳಿಯಲ್ಲಿ ಪಟ ಬಿಟ್ಟು, ಬಳಿಕ ವಿಮಾನ ಬಿಟ್ಟವನಿಗೆ ಕಬ್ಬಿನ ಗದ್ದೆಯ ಹಿಂದೆ ಗಾಳಿ ಹೇಗೆ ಸುಳಿಯುತ್ತದೆಂದು ಹೇಳಿಕೊಡಬೇಕಿಲ್ಲ.

ಇಲ್ಲಿ ಬಲ್ಲವರ ನಡುವೆಯೇ ಎರಡು ಪಕ್ಷಗಳಿವೆ. ಮೊದಲು ವಿಮಾನ, ಆಮೇಲೆ ಹೆಲಿಕಾಪ್ಟರ್ ಎನ್ನುವವರು ಕಣ್ಣಿನ ಲಾಭ ನೋಡುತ್ತಾರೆ. ನೇರವಾಗಿ ಹೆಲಿಕಾಪ್ಟರನ್ನೇ ಹಿಡಿಯಲಿ ಎನ್ನುವವರು ಕೈಯ ನಷ್ಟ ನೋಡುತ್ತಾರೆ. ಕಂಪ್ಯೂಟರಿನ ಸಿಮ್ಯುಲೇಟರ್ ಬಂದ ಮೇಲೆ ಈ ಜಗಳದ ಬಿಸಿ ಇಳಿದಿದೆ. ಅಲ್ಲಿ ನೂರು ಸಲ ಬಿದ್ದರೂ ಶಾಫ್ಟ್ ಬಾಗುವುದಿಲ್ಲ. ನನ್ನ ತೀರ್ಮಾನ ಇಷ್ಟು: ವಿಮಾನ ಗೊತ್ತಿರುವವನು ಗೊತ್ತಿದೆ ಎಂಬ ಧೈರ್ಯದಿಂದ ಹೆಲಿಕಾಪ್ಟರ್ ಮುಟ್ಟಬಾರದು. ಕನಿಷ್ಠ ಒಂದು ತಿಂಗಳು, ದಿನಾ ಅರ್ಧ ಗಂಟೆ, ಸಿಮ್ಯುಲೇಟರಿನಲ್ಲಿ ಎಡಗೈಗೆ ಮೊದಲಿಂದ ಅಕ್ಷರಾಭ್ಯಾಸ ಮಾಡಿಸಬೇಕು.

ಈ ಅಸ್ಥಿರ ಯಂತ್ರವನ್ನು ನಿಲ್ಲಿಸುವ ಉಪಾಯ ಮೊದಲು ಹುಟ್ಟಿದ್ದೂ ಮಾದರಿಗಳಲ್ಲೇ. ಅಮೆರಿಕದ ಆರ್ಥರ್ ಯಂಗ್ 1928ರಿಂದ ಒಬ್ಬರೇ ಪುಟ್ಟ ಹೆಲಿಕಾಪ್ಟರುಗಳನ್ನು ಕಟ್ಟಿ ಕೆಡವುತ್ತಿದ್ದರು. ಪೆನ್ಸಿಲ್ವೇನಿಯಾದ ಪಾವೊಲಿಯಲ್ಲಿ ಹಳೆಯದೊಂದು ಕೊಟ್ಟಿಗೆಯೇ ಅವರ ಪ್ರಯೋಗಶಾಲೆಯಾಗಿತ್ತು. ರೋಟರಿಗೆ ಅಡ್ಡಲಾಗಿ ತುದಿಯಲ್ಲಿ ಭಾರವಿಟ್ಟ ದಂಡ ಸಿಕ್ಕಿಸಿದರೆ ಅದು ಬುಗುರಿಯಂತೆ ತನ್ನ ಮಟ್ಟ ಬಿಡದೆ ರೋಟರನ್ನೂ ಹಿಡಿದಿಡುತ್ತದೆಂದು ಅವರು ಕಂಡುಕೊಂಡರು. 1941ರಲ್ಲಿ ಬೆಲ್ ಕಂಪನಿ ಸೇರಿದರು. ಅವರ ಬೆಲ್ 47ಕ್ಕೆ 1946ರಲ್ಲಿ ಅಮೆರಿಕದಲ್ಲಿ ನಾಗರಿಕ ಬಳಕೆಯ ಪರವಾನಗಿ ಸಿಕ್ಕಿತು, ಹೆಲಿಕಾಪ್ಟರಿಗೆ ಅದೇ ಮೊದಲನೆಯದು. 1960ರ ದಶಕದ ಕೊನೆಗೆ ಜರ್ಮನಿಯ ಡೀಟರ್ ಶ್ಲ್ಯೂಟರ್ ರೇಡಿಯೊ ಹೆಲಿಕಾಪ್ಟರನ್ನು ನಿಜಕ್ಕೂ ಹಾರಿಸಿ ತೋರಿಸಿದರು. ಬಳಿಕ ತಿರುಗಾಟವನ್ನು ಅಳೆದು ತಡೆಯುವ ಗೈರೊ ಬಾಲಕ್ಕೆ ಬಂತು. ಈಗ ದಂಡವೂ ಹೋಗಿ ಮೂರು ದಿಕ್ಕಿಗೂ ಬೆರಳುಗುರಿನಷ್ಟು ಗೈರೊ ಚಿಪ್ಪೇ ಲೆಕ್ಕ ಹಾಕುತ್ತದೆ. ನಾನು ಕಲಿತದ್ದು ದಂಡವಿದ್ದ ಯಂತ್ರದಲ್ಲಿ. ಹೊಸದರಲ್ಲಿ ಕಷ್ಟ ಕಡಿಮೆ, ಆದರೆ ಇಲ್ಲವೆಂದಲ್ಲ. ಚಿಪ್ಪು ಓಲಾಟ ತಡೆಯುತ್ತದೆ, ಜಾರುವುದನ್ನು ತಡೆಯುವುದು ಇಂದಿಗೂ ಹೆಬ್ಬೆರಳೇ.

ಡ್ರೋನ್ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಮಳವಳ್ಳಿ ತಾಲ್ಲೂಕಿನಲ್ಲಿ ಡ್ರೋನ್ ಎಂಬ ಮಾತಿಗೆ ಒಂದು ನೋವೂ ಅಂಟಿದೆ. ಇಲ್ಲಿನ ತರುಣನೊಬ್ಬನ ಡ್ರೋನ್ ಸಾಧನೆಯ ಕಥೆ ನಾಡಿಗೆಲ್ಲ ಹಬ್ಬಿ, 2020ರಲ್ಲಿ ಪ್ರಶ್ನೆಗೆ ಸಿಕ್ಕಿತು. ಅಂದಿನಿಂದ ರೇಡಿಯೊ ಹಿಡಿದ ನಮ್ಮ ಕಡೆಯ ಹುಡುಗರ ಮೇಲೆ ಒಂದು ಅನುಮಾನದ ನೋಟ ಬೀಳುತ್ತದೆ. ಆ ಹುಡುಗರ ಪರವಾಗಿಯೇ ನಾನು ಬರೆಯುತ್ತಿದ್ದೇನೆ. ಹೋವರ್ ಮಾಡಿ ತೋರಿಸಿದವನಿಗೆ ಬೇರೆ ಸರ್ಟಿಫಿಕೇಟ್ ಬೇಡ, ಕಣದಲ್ಲಿ ನಿಂತ ಎಲ್ಲರಿಗೂ ಅದು ಕಾಣುತ್ತದೆ.

ಡ್ರೋನ್ ಇರುವಾಗ ಏಕೆ ಎಂಬ ಪ್ರಶ್ನೆಗೆ ಬರೋಣ. ನಾಲ್ಕು ಅಥವಾ ಆರು ರೆಕ್ಕೆಯ ಡ್ರೋನಿನಲ್ಲಿ ಬ್ಲೇಡಿನ ಕೋನ ಬದಲಾಗುವುದಿಲ್ಲ, ಮೋಟಾರುಗಳ ವೇಗ ಬದಲಾಗುತ್ತದೆ. ಅದನ್ನು ಮಾಡುವುದು ಕಂಪ್ಯೂಟರ್. ಉಪಗ್ರಹದ ಸಂಕೇತ ಸಿಗುವ ತನಕ ಕೈ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಸಂಕೇತ ತಪ್ಪಿತೆಂದರೆ ಅದೂ ಹೆಲಿಕಾಪ್ಟರಿನಂತೆ ಗಾಳಿಗೆ ಜಾರುತ್ತದೆ, ಆಗ ಕೈ ಬೇಕು. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇ. 80ರವರೆಗೆ, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಔಷಧಿ ತುಂಬಿದ ಡ್ರೋನನ್ನು ಭತ್ತದ ಮೇಲೆ ಹಾರಿಸುವ ಹೆಣ್ಣುಮಕ್ಕಳಿಗೆ ಗುಂಡಿಯ ಪಾಠದ ಜೊತೆ ಹೆಬ್ಬೆರಳಿನ ಪಾಠವೂ ಸಿಗಬೇಕು.

ಭತ್ತಕ್ಕೂ ರೇಡಿಯೊ ಹೆಲಿಕಾಪ್ಟರಿಗೂ ಹಳೆಯ ನಂಟು. ಜಪಾನಿನ ಯಮಹಾ ಕಂಪನಿ 1987ರಲ್ಲಿ ಆರ್-50 ಎಂಬ, ಆಳು ಕೂರದ ಹೆಲಿಕಾಪ್ಟರನ್ನು ಮಾರಾಟಕ್ಕೆ ತಂದಿತು. 20 ಕಿಲೊ ಔಷಧಿ ಹೊತ್ತು ಗದ್ದೆಗೆ ಸಿಂಪಡಿಸುತ್ತಿತ್ತು. 1997ರಲ್ಲಿ ಅದರ ತಮ್ಮ ಆರ್‌ಮ್ಯಾಕ್ಸ್ ಬಂತು. ನಾವು ಆಟವೆಂದುಕೊಂಡ ಯಂತ್ರ ಅಲ್ಲಿ ಭತ್ತದ ಬಯಲಲ್ಲಿ ದುಡಿಯಿತು. ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಕಿರುಗಾವಲಿನಲ್ಲಿ ಕೂತು ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು.

ಕಾನೂನು ಈಗ ಮೊದಲಿನಷ್ಟು ಗೊಂದಲವಲ್ಲ. 2021ರ ಡ್ರೋನ್ ನಿಯಮಗಳು ಮಾದರಿಗಳನ್ನೂ ಒಳಗೊಳ್ಳುತ್ತವೆ. 250 ಗ್ರಾಂ ಒಳಗಿನದು ನ್ಯಾನೊ, 2 ಕಿಲೊವರೆಗೆ ಮೈಕ್ರೊ. ಹವ್ಯಾಸಕ್ಕೆ ಹಾರಿಸುವಾಗ ಇವೆರಡಕ್ಕೂ ಪೈಲಟ್ ಲೈಸೆನ್ಸ್ ಬೇಡ. ಹಸಿರು ವಲಯದಲ್ಲಿ 400 ಅಡಿ ಮೀರಬಾರದು. ನನಗೆ ಕಾನೂನಿಗಿಂತ ಬ್ಲೇಡಿನ ಭಯ ಹೆಚ್ಚು. 450 ಅಳತೆಯ ರೋಟರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 365 ಕಿಲೊಮೀಟರ್. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಉದ್ಯಾನವೊಂದರಲ್ಲಿ 19ರ ತರುಣ ತನ್ನದೇ ದೊಡ್ಡ ಮಾದರಿ ಹೆಲಿಕಾಪ್ಟರಿನ ಬ್ಲೇಡು ಬಡಿದು ತೀರಿಕೊಂಡ. ಅವನು ಹೊಸಬನಲ್ಲ, ಪಳಗಿದವನು. ಕಣದ ಸುತ್ತ ಮಕ್ಕಳು ನೆರೆದರೆ ನಾನು ಬ್ಯಾಟರಿ ಸಿಕ್ಕಿಸುವುದಿಲ್ಲ. ಮೊದಲು ಹದಿನೈದು ಹೆಜ್ಜೆ ಅಳೆದು ಗೀಟು ಎಳೆಯುತ್ತೇನೆ, ಅವರು ಗೀಟಿನಾಚೆ ಕೂತ ಮೇಲೆಯೇ ಹಾರಾಟ.

ವಿಮಾನದ ಪಾಠ ಪೂರ್ತಿಯಾಗಿ ಮರಳಿ ಬರುವ ಒಂದು ಗಳಿಗೆ ಇದೆ, ಅದು ಕಲಿಕೆಯ ಕಟ್ಟಕಡೆಗೆ ಬರುತ್ತದೆ. ಮೋಟಾರಿಲ್ಲದೆ ಹೆಲಿಕಾಪ್ಟರ್ ಇಳಿಸುವುದು ಅದು, ಅದಕ್ಕೆ ಆಟೊರೊಟೇಷನ್ ಎನ್ನುತ್ತಾರೆ. ಮೋಟಾರು ನಿಂತ ವಿಮಾನವನ್ನು ತೇಲಿಸಿ ಇಳಿಸುವವನು ಎತ್ತರವನ್ನು ಖರ್ಚು ಮಾಡಿ ವೇಗ ಕೊಳ್ಳುತ್ತಾನೆ, ನೆಲದ ಹತ್ತಿರ ಆ ವೇಗವನ್ನು ಕೊಟ್ಟು ಮೆಲ್ಲಗೆ ಇಳಿಯುತ್ತಾನೆ. ಹೆಲಿಕಾಪ್ಟರಿನಲ್ಲೂ ಅದೇ ವ್ಯವಹಾರ, ವೇಗ ಮಾತ್ರ ಬ್ಲೇಡಿನಲ್ಲಿ ಜಮೆಯಾಗುತ್ತದೆ.

ನಾನು ಮೊದಲು ಅದನ್ನು ಮಾಡಿದ್ದು ಒಂದು ಮಾಘದ ಬೆಳಗ್ಗೆ. ಗಾಳಿ ಇರಲಿಲ್ಲ, ಕಣದ ಮೇಲೆ ಇಬ್ಬನಿಯ ತೇವವಿತ್ತು. ಐವತ್ತು ಅಡಿಯಲ್ಲಿ, ಮೋಟಾರು ನಿಲ್ಲಿಸುವ ಥ್ರಾಟಲ್ ಹೋಲ್ಡ್ ಒತ್ತಿದೆ. ಮೋಟಾರಿನ ಕಿರುಚು ಪಟ್ಟನೆ ನಿಂತು, ಒನಕೆ ಬೀಸಿದಂತಹ ಬ್ಲೇಡಿನ ಸದ್ದೊಂದೇ ಉಳಿಯಿತು. ಎಡಗೈ ಇಳಿಸಿ ಕೋನವನ್ನು ಸೊನ್ನೆಯಿಂದ ಮೂರು ನಾಲ್ಕು ಡಿಗ್ರಿ ಕೆಳಗಿಟ್ಟೆ. ಬೀಳುವ ಗಾಳಿಯೇ ಬ್ಲೇಡು ತಿರುಗಿಸುತ್ತಿತ್ತು. ಆ ಇಳಿಜಾರು ನನ್ನ ಕಣ್ಣಿಗೆ ಚಿರಪರಿಚಿತ, ಎಷ್ಟೋ ಸಲ ವಿಮಾನವನ್ನು ಅದೇ ಗೀಟಿನ ಮೇಲೆ ಇಳಿಸಿದ್ದೆ. ಆಳೆತ್ತರಕ್ಕೆ ಬಂದಾಗ ಮೂತಿ ಎತ್ತಿ ಓಟ ತಡೆದೆ, ಮಟ್ಟ ಮಾಡಿದೆ, ಎಡ ಹೆಬ್ಬೆರಳನ್ನು ಮೆಲ್ಲಗೆ, ಒಂದೇ ಸಲ, ಮೇಲಕ್ಕೆತ್ತಿದೆ. ಕಾಲು ನೆಲಕ್ಕೆ ತಾಗಿತು. ಬ್ಲೇಡು ಇನ್ನೂ ತಿರುಗುತ್ತಲೇ ಇತ್ತು, ನಿಧಾನವಾಗುತ್ತ, ಒಂದೊಂದೂ ಬೇರೆ ಬೇರೆಯಾಗಿ ಕಾಣುವಷ್ಟು. ಗೀಟಿನಾಚೆ ಕೂತಿದ್ದ ಹುಡುಗನೊಬ್ಬ ಅದು ಪೂರ್ತಿ ನಿಲ್ಲುವ ತನಕ ಕಾದು, “ಅಣ್ಣ, ಈಗ ಬರ್ಲಾ?” ಎಂದ.